ಜಾಗದ ದಲ್ಲಾಳಿಗೂ ಬಂತು ಪರೀಕ್ಷೆ!

ಹಂಗಾರಕಟ್ಟೆ: ಸಂಜೆ ಆರೂವರೆಯ ಹೊತ್ತು. ಮಾಬುಕಳದ ಕಡೆಯಿಂದ ಬಂದ ಬಸ್ಸು ಜನ ಇಳಿಸಿ ಮುಂದಿನ ಟ್ರಿಪ್ಪಿಗೆ ತಿರುಗಿ ನಿಂತಿದೆ. ಬಂದರು ರಸ್ತೆಯ ಒಂದು ಚಾ ಅಂಗಡಿಯ ಬೆಂಚಿನ ಮೇಲೆ ಆಸಾಮಿಯೊಬ್ಬ ಇನ್ನೂರು ಪುಟದ ನೋಟ್ ಬುಕ್ ಬಿಡಿಸಿಕೊಂಡು ತುಟಿ ಅಲ್ಲಾಡಿಸುತ್ತಿದ್ದಾನೆ. ಪ್ರಾಯ ಮೂವತ್ತಾರು. ಹಗಲು ರಿಕ್ಷಾ, ನಡುನಡುವೆ ಜಾಗದ ವ್ಯಾಪಾರ.

"ಎಂತ ಮಾರಾಯಾ, ಮಗಳ್ ಪುಸ್ತಕ ನೀ ಓದುದಾ?" ಎಂದು ಅಂಗಡಿಯವರು ಕೇಳಿದರು.

"ಮಗಳದ್ದಲ್ಲ ಮಾರ್ರೆ, ನನ್ದೇ. ಪರೀಕ್ಷಿ ಬರೂಕಿತ್ತ್."

ಬೆಂಚಿನ ಮೇಲಿದ್ದ ನಾಲ್ಕು ಜನವೂ ನಕ್ಕರು. ಜಾಗ ತೋರಿಸಿ ಕಮಿಷನ್ ತೆಗೆದುಕೊಳ್ಳುವವನಿಗೆ ಎಂಥ ಪರೀಕ್ಷೆ? ಕಾಲಿಗೆ ಚಪ್ಪಲಿ, ಕಿಸೆಯಲ್ಲಿ ಫೋನು, ಬಾಯಲ್ಲಿ ಎರಡು ಒಳ್ಳೆಯ ಮಾತು ಇದ್ದರೆ ಸಾಲದೇ?

ಸಾಲದು ಎಂಬುದು ಆತನಿಗೆ ಗೊತ್ತಾಗಿ ಮೂರು ವರ್ಷವಾಯಿತು. ಆ ಕತೆ ಮುಂದೆ ಬರುತ್ತದೆ. ಮೊದಲು ಪರೀಕ್ಷೆಯ ವಿಷಯ.

ಮುಂಬಯಿಯಿಂದ ಬಂದ ಸುದ್ದಿ

ಕುಂದಾಪುರ, ಬ್ರಹ್ಮಾವರದ ಕಡೆಯವರಿಗೆ ಮುಂಬಯಿ ಹೊಸ ಊರಲ್ಲ. ಹೋಟೆಲಿನಲ್ಲಿ ಲೋಟ ತೊಳೆಯಲು ಹೋದವರು ಹೋಟೆಲಿನ ಧನಿಗಳಾದ ಮೇಲೆ, ಕೆಲವರು ಫ್ಲ್ಯಾಟು, ಅಂಗಡಿ, ಬಾಡಿಗೆ ಮನೆ ಕುದುರಿಸುವ ಕೆಲಸಕ್ಕೂ ಇಳಿದರು. ನಮ್ಮ ರಿಕ್ಷಾದ ಆಸಾಮಿಯ ಅಕ್ಕನ ಗಂಡ ಅಂಥವರಲ್ಲಿ ಒಬ್ಬರು. ಠಾಣೆಯಲ್ಲಿ ಸಣ್ಣ ಕಚೇರಿ ಇಟ್ಟುಕೊಂಡಿದ್ದಾರೆ.

ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ 2023ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ದಲ್ಲಾಳಿಯಾಗಿ ನೋಂದಣಿ ಬೇಕೆನ್ನುವವರು 20 ಗಂಟೆಗಳ ತರಬೇತಿ ಪಡೆಯಬೇಕು, ಪರೀಕ್ಷೆ ಬರೆಯಬೇಕು, ಪಾಸಾಗಿ ಸರ್ಟಿಫಿಕೇಟ್ ತೋರಿಸಬೇಕು. ಪರೀಕ್ಷೆ ನಡೆಸುವ ಹೊಣೆ ಬ್ಯಾಂಕ್ ನೌಕರಿಯ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಗೆ. ಮೊದಲ ಪರೀಕ್ಷೆ ಅದೇ ವರ್ಷದ ಮೇ ತಿಂಗಳಲ್ಲಿ ನಡೆಯಿತು. ಇಪ್ಪತ್ತು ಮೂವತ್ತು ವರ್ಷ ವ್ಯಾಪಾರ ಮಾಡಿ ತಲೆ ನರೆತವರೂ ಕಂಪ್ಯೂಟರಿನ ಎದುರು ಕುಳಿತು ಉತ್ತರ ಒತ್ತಬೇಕಾಯಿತು. ಭಾವನೂ ಕುಳಿತರು, ಪಾಸಾದರು.

ದುಬೈಯಲ್ಲಿ ಈ ಪದ್ಧತಿ ಮುಂಚೆಯೇ ಇತ್ತು. ಅಲ್ಲಿ ತರಬೇತಿ, ಪರೀಕ್ಷೆ ಮುಗಿಸಿ ಸರಕಾರದ ಕಾರ್ಡು ಪಡೆಯದೆ ಮನೆ ಮಾರಿಸುವ ಹಾಗಿಲ್ಲ. ಗಲ್ಫಿಗೆ ಹೋಗಿ ಬಂದವರಿಗೆ ಇದು ಗೊತ್ತು.

"ಸರ್ಟಿಫಿಕೇಟ್ ತಕಂಡ್ ಬಾ, ಕಚೇರಿಯಲ್ಲಿ ಕೂರಿಸ್ತೆ" ಎಂದು ಭಾವ ಮಾತು ಕೊಟ್ಟಿದ್ದಾರೆ. ಪಾಠದ ಟಿಪ್ಪಣಿಗಳನ್ನೂ ಕಳಿಸಿದ್ದಾರೆ. ಆತ ಅವನ್ನು ಕನ್ನಡದಲ್ಲಿ ನೋಟ್ ಬುಕ್ಕಿಗೆ ಇಳಿಸಿಕೊಂಡು ಓದುತ್ತಿದ್ದಾನೆ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

ಕೇಂದ್ರದ ರೇರಾ ಕಾಯ್ದೆ 2016ರದ್ದು. ಕರ್ನಾಟಕ ಅದಕ್ಕೆ ನಿಯಮ ಮಾಡಿದ್ದು 2017ರ ಜುಲೈಯಲ್ಲಿ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಲೇಔಟ್ ಮಾಡಿ ಸೈಟ್ ಮಾರುವವರು ಪ್ರಾಧಿಕಾರದಲ್ಲಿ ಆ ಯೋಜನೆಯನ್ನು ನೋಂದಾಯಿಸಬೇಕು. ನಮ್ಮ ಲೆಕ್ಕದಲ್ಲಿ ಅದು ಹನ್ನೆರಡೂ ಕಾಲು ಸೆಂಟ್ಸಿಗಿಂತ ಸ್ವಲ್ಪ ಜಾಸ್ತಿ. ಅಂಥ ಯೋಜನೆಯ ಸೈಟನ್ನೋ ಫ್ಲ್ಯಾಟನ್ನೋ ಮಾರಿಸುವ ದಲ್ಲಾಳಿಯೂ ನೋಂದಣಿ ಮಾಡಿಸಬೇಕು. ಒಬ್ಬ ವ್ಯಕ್ತಿಗೆ 2017ರ ನಿಯಮ ಇಟ್ಟ ಶುಲ್ಕ 25,000 ರೂಪಾಯಿ, ಐದು ವರ್ಷಕ್ಕೆ. ನೋಂದಣಿ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಬೆಳೆಯುತ್ತಾ ಮಾರಿಸಿದ ಆಸ್ತಿಯ ಬೆಲೆಯ ನೂರಕ್ಕೆ ಐದರವರೆಗೆ ಹೋಗಬಹುದು.

2017ರ ಕರ್ನಾಟಕದ ನಿಯಮದಲ್ಲಿ ದಲ್ಲಾಳಿಗೆ ನೋಂದಣಿಯ ಮಾತು ಉಂಟು, ಪರೀಕ್ಷೆಯ ಮಾತು ಇಲ್ಲ. ಇನ್ನೂ ಒಂದು ಸಂಗತಿ: ರೇರಾದ ಕಣ್ಣು ದೊಡ್ಡ ಯೋಜನೆಗಳ ಮೇಲೆ. ಯಾರದೋ ಅಜ್ಜಿಯ ಹಂಚಿನ ಮನೆ, ಅಣ್ಣತಮ್ಮಂದಿರ ಪಾಲಿನ ಹತ್ತು ಸೆಂಟ್ಸ್ ತೋಟ, ರಸ್ತೆ ಬದಿಯ ಬಾಡಿಗೆ ಕೋಣೆ, ಇವುಗಳ ವ್ಯಾಪಾರ ಕುದುರಿಸುವವನನ್ನು ಅದು ವಿಚಾರಿಸುವುದಿಲ್ಲ. ಹಂಗಾರಕಟ್ಟೆ, ಸಾಸ್ತಾನ, ಕೋಡಿಯ ಸುತ್ತ ನಡೆಯುವ ವ್ಯಾಪಾರದಲ್ಲಿ ಹೆಚ್ಚಿನದು ಇಂಥದ್ದೇ.

ಬಸ್ ಓಡಿಸುವವನಿಗೆ ಲೈಸನ್ಸ್ ಬೇಕು. ದಸ್ತಾವೇಜು ಬರೆಯುವವನಿಗೆ ಪರವಾನಗಿ ಬೇಕು. ಒಂದು ಸಂಸಾರದ ಜನ್ಮದ ಗಳಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವವನಿಗೆ ಮಾತ್ರ ಇಲ್ಲಿ ಏನೂ ಬೇಡ!

ಬೇಲಿಯೊಳಗೆ ಏಳು, ಪತ್ರದಲ್ಲಿ ಐದು

ಈಗ ಮೂರು ವರ್ಷದ ಹಿಂದಿನ ಕತೆ.

ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಹೋಗಿ ಮಾರುವ ಹೆಂಗಸು. ಗಂಡ ಇಲ್ಲ. ಸಂಘದ ಸಾಲ, ಮಗಳ ಸಂಬಳ, ಇಪ್ಪತ್ತು ವರ್ಷದ ಉಳಿಕೆ ಎಲ್ಲ ಕೂಡಿಸಿ ಒಂದು ಜಾಗ ಬೇಕೆಂದು ರಿಕ್ಷಾದವನನ್ನೇ ಕೇಳಿದಳು. ದಿನಾ ಬುಟ್ಟಿ ಏರಿಸಿಕೊಂಡು ಹೋಗುವ ರಿಕ್ಷಾ, ನಂಬಿಕೆಯ ಮನುಷ್ಯ.

ಒಳಗಿನ ಗುಡ್ಡೆಯ ಬದಿ ಒಂದು ಜಾಗ ಸಿಕ್ಕಿತು. ಬಾವಿಗೆ ನೀರಿನ ಸೆಲೆ ಉಂಟು, ದಾರಿ ಉಂಟು, ಸುತ್ತ ಬೇಲಿ ಉಂಟು. ಅಳೆದರೆ ಏಳು ಸೆಂಟ್ಸ್. "ಬೇಲಿ ಒಳ್ಗ್ ಇಪ್ಪುದೆಲ್ಲ ನಮ್ದೇ" ಎಂದರು ಮಾರುವವರು. ಏಳು ಸೆಂಟ್ಸಿಗೂ ಕ್ರಯ ನಿಕ್ಕಿಯಾಯಿತು. ಪತ್ರ ಮಾಡುವಾಗ ಬರೆದದ್ದು ಐದೇ ಸೆಂಟ್ಸ್. ಯಾಕೆಂದು ಕೇಳಿದ್ದಕ್ಕೆ, "ಉಳಿದದ್ದು ಕುಮ್ಕಿ, ಅದು ಜಾಗದೊಟ್ಟಿಗೇ ಬರ್ತದೆ" ಎಂಬ ಉತ್ತರ ಸಿಕ್ಕಿತು. ಹೆಂಗಸು ದಲ್ಲಾಳಿಯ ಮುಖ ನೋಡಿದಳು. ದಲ್ಲಾಳಿ ತಲೆಯಾಡಿಸಿದ.

ಸುಳ್ಳು ಹೇಳಬೇಕೆಂದು ತಲೆಯಾಡಿಸಿದ್ದಲ್ಲ. ಆತನಿಗೂ ಗೊತ್ತಿರಲಿಲ್ಲ.

ಮನೆಗೆ ಪಂಚಾಂಗ ಹಾಕುವ ಹೊತ್ತಿಗೆ ಸರ್ವೆ ಆಯಿತು. ಎರಡು ಸೆಂಟ್ಸ್ ಸರಕಾರದ್ದು ಎಂದು ತೀರ್ಮಾನವಾಯಿತು. ಕಟ್ಟುವ ಹಾಗಿಲ್ಲ, ಮಾರುವ ಹಾಗಿಲ್ಲ. ಮನೆಯ ನಕ್ಷೆಯಲ್ಲಿದ್ದ ಒಂದು ಕೋಣೆ ಹೋಯಿತು. ಮಾರಿದವರು ಹಣ ಹಿಡಿದು ಊರು ಬಿಟ್ಟಿದ್ದರು. ರಿಕ್ಷಾದವ ತನ್ನ ಕಮಿಷನ್ ವಾಪಸು ಕೊಟ್ಟ. ಎರಡು ಸೆಂಟ್ಸಿನ ಹಣದ ಮುಂದೆ ಅದು ಎಷ್ಟರದ್ದು?

ಹೆಂಗಸು ಜಗಳ ಮಾಡಲಿಲ್ಲ. ಈಗಲೂ ಅದೇ ರಿಕ್ಷಾದಲ್ಲಿ ಬುಟ್ಟಿ ಇಟ್ಟು ಹೋಗುತ್ತಾಳೆ. ಆತನಿಗೆ ಕಷ್ಟವಾಗುವುದು ಅದೇ.

ಎರಡು ಕಡೆಯಿಂದ ತೆರೆಯುವ ಪುಸ್ತಕ

ಆತನ ನೋಟ್ ಬುಕ್ಕಿನಲ್ಲಿ ಒಂದು ವಿಶೇಷ ಉಂಟು. ಮುಂದಿನಿಂದ ತೆರೆದರೆ ಮುಂಬಯಿಯ ಪಾಠ: ರೇರಾ, ಕಾರ್ಪೆಟ್ ಏರಿಯಾ, ಗಿರಾಕಿಗೆ ಕೊಡಬೇಕಾದ ದಾಖಲೆ, ಜಾಹೀರಾತಿನಲ್ಲಿ ಹಾಕಬೇಕಾದ ನೋಂದಣಿ ನಂಬರು. ಹಿಂದಿನಿಂದ ತೆರೆದರೆ ಹಂಗಾರಕಟ್ಟೆಯ ಪಾಠ. ಭಾವ ಕಳಿಸಿದ ಟಿಪ್ಪಣಿಯಲ್ಲಿ 'ಕುಮ್ಕಿ' ಎಂಬ ಶಬ್ದವೇ ಇಲ್ಲ. ಹಾಗಾಗಿ ವಕೀಲರನ್ನು, ನಿವೃತ್ತ ಗ್ರಾಮಲೆಕ್ಕಿಗರನ್ನು, ಪತ್ರ ಬರೆಯುವವರನ್ನು ಕೇಳಿ ಕೇಳಿ ಆತನೇ ಬರೆದುಕೊಂಡದ್ದು. ಹಿಂದಿನ ಪುಟಗಳೇ ಜಾಸ್ತಿ ತುಂಬಿವೆ. ಅದರಿಂದ ಕೆಲವು ಪಾಠ ಇಲ್ಲಿ. ಜಾಗ ಕೊಳ್ಳುವ ಯೋಚನೆ ಇರುವವರು ಬಸ್ಸಿನಲ್ಲಿ ಕುಳಿತೇ ಓದಿಕೊಳ್ಳಬಹುದು.

ಅಳತೆ: ನೂರು ಸೆಂಟ್ಸಿಗೆ ಒಂದು ಎಕ್ರೆ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಘಟ್ಟದ ಮೇಲಿನವರು ಗುಂಟೆಯಲ್ಲಿ ಮಾತಾಡುತ್ತಾರೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಬೇಲಿಯನ್ನು ನೋಡಿ ಅಳತೆ ಒಪ್ಪಬಾರದು. ಪಹಣಿಯಲ್ಲಿರುವ ವಿಸ್ತೀರ್ಣ, ಸರ್ವೆಯ ನಕ್ಷೆ, ನೆಲದ ಮೇಲಿನ ಕಲ್ಲು, ಮೂರೂ ಒಂದೇ ಹೇಳಬೇಕು. ದೊಡ್ಡ ಜಾಗದಿಂದ ತುಂಡು ಮಾಡಿ ಕೊಡುವುದಾದರೆ 11ಇ ನಕ್ಷೆ ಆಗಿದೆಯೇ ಎಂದು ಮೊದಲು ಕೇಳಬೇಕು.

ವರ್ಗ ಮತ್ತು ಕುಮ್ಕಿ: ಹಳೆಯ ದಕ್ಷಿಣ ಕನ್ನಡದ ಈ ಪದ್ಧತಿ ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ. ವರ್ಗ ಜಾಗದ ಒಡೆಯನಿಗೆ ಅದರ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಹುಲ್ಲು, ಸೌದೆ ತೆಗೆಯುವ ಅನುಕೂಲ ಇತ್ತು. ಅದೇ ಕುಮ್ಕಿ. 1964ರ ಭೂಕಂದಾಯ ಕಾಯ್ದೆಯೂ ಆ ಅನುಕೂಲವನ್ನು ಉಳಿಸಿತು. ಅನುಕೂಲ ಬೇರೆ, ಒಡೆತನ ಬೇರೆ. ಸೊಪ್ಪು ತೆಗೆದ ಮಾತ್ರಕ್ಕೆ ನೆಲ ಮಾರಲು ಬರುವುದಿಲ್ಲ. "ವರ್ಗ ಐವತ್ತು ಸೆಂಟ್ಸ್, ಕುಮ್ಕಿ ಒಂದ್ ಎಕ್ರೆ" ಎಂದು ಹೇಳಿ ಒಂದೂವರೆ ಎಕ್ರೆಗೆ ಕ್ರಯ ಹೇಳಿದರೆ, ಕೊಳ್ಳುವವನಿಗೆ ಕಾಗದದಲ್ಲಿ ಸಿಗುವುದು ಐವತ್ತೇ ಸೆಂಟ್ಸ್.

ಡಿಕ್ಲರೇಶನ್ ಜಾಗ: ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರಕಾರದ ಪಾಲಾಗಿ, ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆ ಭೂನ್ಯಾಯ ಮಂಡಳಿ ಹಕ್ಕು ಕೊಟ್ಟಿತು. ಆ ಹಕ್ಕು ಸಿಕ್ಕ 15 ವರ್ಷದೊಳಗೆ ಮಾರುವ ಹಾಗಿರಲಿಲ್ಲ. ಹಾಗಾಗಿ ಹಳೆಯ ಕ್ರಯಪತ್ರ ಸಿಕ್ಕಿದರೆ ಮಂಡಳಿಯ ತೀರ್ಪಿನ ತಾರೀಕು, ಕ್ರಯದ ತಾರೀಕು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಾಗವಾದರೆ 1978ರ ಕಾಯ್ದೆಯಂತೆ ಸರಕಾರದ ಅನುಮತಿ ಇಲ್ಲದ ಕ್ರಯ ನಿಲ್ಲುವುದಿಲ್ಲ.

ಕೃಷಿ ಜಾಗ: ಮೊದಲು ಕೃಷಿಕರಲ್ಲದವರು ಗದ್ದೆ ಕೊಳ್ಳುವ ಹಾಗಿರಲಿಲ್ಲ. 2020ರ ತಿದ್ದುಪಡಿ ಆ ತಡೆ ತೆಗೆಯಿತು. ಇದನ್ನೇ ಹಿಡಿದುಕೊಂಡು "ಈಗ ಯಾರೂ ತಕಂಬಹುದು, ಮನಿಯೂ ಕಟ್ಟಬಹುದು" ಎಂದು ಹೇಳುವವರಿದ್ದಾರೆ. ಕೊಳ್ಳುವುದು ಬೇರೆ, ಕಟ್ಟುವುದು ಬೇರೆ. ಕಟ್ಟಬೇಕಾದರೆ ಭೂಪರಿವರ್ತನೆ ಬೇಕು, ಆಮೇಲೆ ಪಂಚಾಯತಿನಿಂದ ನಮೂನೆ 9 ಮತ್ತು 11 ಬೇಕು. ಜನರ ಬಾಯಲ್ಲಿ 'ನೈನ್ ಇಲೆವೆನ್'. ಅದು ಕೈಗೆ ಬರುವವರೆಗೆ ಕಲ್ಲು ಇಳಿಸಬಾರದು.

ಮನೆತನದ ಸಹಿ: ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯ ಸಂತಾನ ಕಟ್ಟು ನಡೆದುಬಂದದ್ದು. ಅದಕ್ಕೆಂದೇ 1949ರಲ್ಲಿ ಮದ್ರಾಸ್ ಸರಕಾರದ ಕಾಯ್ದೆ ಆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಲೆಕ್ಕ ಬದಲಾಯಿತು. ಪಹಣಿಯಲ್ಲಿ ಒಬ್ಬ ಮಾವನ ಹೆಸರು ಇದೆಯೆಂದು ಅವರ ಒಂದೇ ಸಹಿ ಸಾಕೆನ್ನಲಾಗದು. ವಂಶವೃಕ್ಷ ತರಿಸಿ, ಪಾಲುಪಟ್ಟಿ ಆಗಿದೆಯೇ ನೋಡಿ, ಮುಂಬಯಿಯಲ್ಲಿ ಇರುವ ತಂಗಿಯ ಮಕ್ಕಳ ಪಾಲೂ ಕೇಳಬೇಕು. ಪಾಲು ಆಗದ ಜಾಗದಲ್ಲಿ ಸಹಿ ಹಾಕದ ಒಬ್ಬ ಸಾಕು, ಇಪ್ಪತ್ತು ವರ್ಷ ಕೋರ್ಟಿಗೆ ಅಲೆಸಲು.

ಅಧಿಕಾರ ಪತ್ರ: ಪರವೂರಿನಲ್ಲಿರುವವರು ಊರಿನವರಿಗೆ ಪವರ್ ಆಫ್ ಅಟಾರ್ನಿ ಕೊಡುವುದು ಮಾಮೂಲು. ಅದು ಒಡೆಯನ ಪರವಾಗಿ ಸಹಿ ಹಾಕುವ ಅಧಿಕಾರ ಅಷ್ಟೇ. ಆ ಕಾಗದವನ್ನೇ ಕ್ರಯ ಎಂದು ಹೇಳಿ ಹಣ ತೆಗೆದುಕೊಂಡರೆ ಜಾಗ ಕೊಂಡ ಹಾಗೆ ಆಗದು ಎಂದು 2011ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ನೀರಿನ ಗಡಿ: ಹಂಗಾರಕಟ್ಟೆಯಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಪಾಠ. ಸೀತಾ, ಸ್ವರ್ಣಾ ಎರಡೂ ಹೊಳೆಗಳು ಇಲ್ಲೇ ಕಡಲು ಸೇರುತ್ತವೆ. ಹೊಳೆ ಕಾಣುವ ಜಾಗಕ್ಕೆ ಈಗ ಹೊರಗಿನಿಂದ ಗಿರಾಕಿ ಬರುತ್ತಾರೆ. ಹೋಂ ಸ್ಟೇ ಕಟ್ಟುವ ಆಸೆ. ಆದರೆ ಕರಾವಳಿ ನಿಯಂತ್ರಣ ವಲಯದ ಕಾನೂನು 1991ರಿಂದಲೂ ಉಂಟು. ಕಡಲಿನಿಂದ 500 ಮೀಟರು ಮಾತ್ರವಲ್ಲ, ಉಬ್ಬರ–ಇಳಿತ ತಲುಪುವ ಹೊಳೆಯ ದಡಕ್ಕೂ ಅದು ಅನ್ವಯ. 2011ರ ಅಧಿಸೂಚನೆಯಲ್ಲಿ ಹೊಳೆದಡಕ್ಕೆ 100 ಮೀಟರು, 2019ರದ್ದರಲ್ಲಿ 50 ಮೀಟರು. ಹೊಳೆ ಅದಕ್ಕಿಂತ ಸಪೂರ ಇದ್ದರೆ ಹೊಳೆಯ ಅಗಲದಷ್ಟು. ಅಳೆಯುವುದು ನೀರು ಇಳಿದಾಗಲ್ಲ, ಉಬ್ಬರದ ಗೆರೆಯಿಂದ. ಆ ಗೆರೆ ದಲ್ಲಾಳಿಯ ಕಣ್ಣಳತೆಯಲ್ಲಿ ಇರುವುದಿಲ್ಲ, ಸರಕಾರದ ನಕ್ಷೆಯಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಇಳಿತದ ಹೊತ್ತು ನೋಡಿ ಗಿರಾಕಿ ಕರೆತಂದು ಜಾಗ ತೋರಿಸುವ ಚಾಲಾಕಿಗಳಿಗೆ ಕಡಿಮೆಯಿಲ್ಲ. ಆಟಿ ತಿಂಗಳಲ್ಲಿ ಒಮ್ಮೆ ಬಂದು ನೋಡಿದರೆ ಅರ್ಧ ಸತ್ಯ ಅಲ್ಲೇ ತಿಳಿಯುತ್ತದೆ.

ಬಾಡಿಗೆಗೂ ಪಾಠ

ಮಾರಾಟದ ಮಾತಾಯಿತು. ಬಾಡಿಗೆ ಮನೆ ಕೊಡಿಸುವುದು ಸುಲಭ ಎಂದು ತಿಳಿದವರು ಬಹಳ. ಹಂಗಾರಕಟ್ಟೆಯಲ್ಲಿ ದೋಣಿ, ಹಡಗು ಕಟ್ಟುವ ಕೆಲಸ ಉಂಟು; ಕೊಚ್ಚಿನ್ ಶಿಪ್‌ಯಾರ್ಡಿನವರು 2020ರಲ್ಲಿ ಇಲ್ಲಿನ ಹಾಗೂ ಮಲ್ಪೆಯ ಯಾರ್ಡನ್ನು ವಹಿಸಿಕೊಂಡರು. ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ಕೋಣೆ ಬೇಕು. ಕೋಣೆ ತೋರಿಸಿ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಪಡೆದರೆ ದಲ್ಲಾಳಿಯ ಕೆಲಸ ಮುಗಿಯಿತೇ?

11 ತಿಂಗಳ ಕರಾರು ಯಾಕೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಅದ್ ಹಾಂಗೇ" ಎನ್ನುತ್ತಾರೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕು. ಅದನ್ನು ತಪ್ಪಿಸಲು ಹನ್ನೊಂದು. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಲು ಅಥವಾ ಬಿಡಿಸಲು 15 ದಿನದ ನೋಟೀಸು ಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ರಾತ್ರಿ ಬಂದು ಚೀಲ ಹೊರಗೆ ಎಸೆಯುವುದು ಕಾನೂನಲ್ಲ. ಸಾಮಾನ್ಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದೂ ಅದೇ ಕಾಯ್ದೆಯಲ್ಲಿದೆ. ಮಳೆಗಾಲದಲ್ಲಿ ಹಂಚು ಸೋರಿದರೆ ಯಾರು ಸರಿಮಾಡಿಸಬೇಕು, ಬಾವಿ ಪಂಪಿನ ಕರೆಂಟ್ ಬಿಲ್ ಯಾರದ್ದು, ಮುಂಗಡ ಎಷ್ಟು ದಿನದೊಳಗೆ ವಾಪಸು, ಇವನ್ನು ಬೀಗದಕೈ ಕೊಡುವ ಮೊದಲೇ ಬರೆಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮನೆಬಾಡಿಗೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರ ಸರಕಾರ 2021ರಲ್ಲಿ ಮಾದರಿ ಕಾಯ್ದೆ ಮಾಡಿತ್ತು. ಮಾದರಿ ರಾಜ್ಯಗಳು ಒಪ್ಪಿದರೆ ಮಾತ್ರ ಕಾನೂನು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆ

ದಲ್ಲಾಳಿ ಪರೀಕ್ಷೆ ಬರೆಯುವವರೆಗೆ ಕಾಯಬೇಕಾಗಿಲ್ಲ. ಗಿರಾಕಿಯೇ ಆತನಿಗೆ ಪರೀಕ್ಷೆ ಇಡಬಹುದು. ಪಹಣಿಯ 9ನೇ ಕಾಲಮ್ಮಿನಲ್ಲಿ ಯಾರ ಹೆಸರು, 11ನೇ ಕಾಲಮ್ಮಿನಲ್ಲಿ ಸಾಲವೋ ತಕರಾರೋ ಏನಾದರೂ ಉಂಟೇ? ಋಣಭಾರ ಪತ್ರ ಎಷ್ಟು ವರ್ಷದ್ದು, ಅದು ನಮೂನೆ 15ರಲ್ಲಿ ಬಂದಿದೆಯೋ, ಏನೂ ಋಣ ಇಲ್ಲವೆಂಬ 16ರಲ್ಲೋ? ಪತ್ರದಲ್ಲಿ ಬರುವುದು ಎಷ್ಟು ಸೆಂಟ್ಸ್, ಹಣ ಕೊಡುವುದು ಎಷ್ಟು ಸೆಂಟ್ಸಿಗೆ? ದಾರಿ ಕಾಗದದಲ್ಲಿ ಉಂಟೋ, ಪಕ್ಕದ ಮನೆಯವರ ಬಾಯಿಮಾತಿನಲ್ಲೋ? ಹೊಳೆಯ ಗೆರೆ ಎಲ್ಲಿ? ಈ ಐದಕ್ಕೆ ತಡವರಿಸುವವನ ಕೈಯಲ್ಲಿ ಮುಂಗಡ ಕೊಡಬಾರದು. ಉತ್ತರ ಸರಿಯಾಗಿ ಕೊಟ್ಟರೂ ಒಮ್ಮೆ ವಕೀಲರಿಗೆ ತೋರಿಸಬೇಕು. ನೂರಕ್ಕೆ ಎರಡು ಕಮಿಷನ್ ಕೊಡುವವರು ವಕೀಲರ ಫೀಸಿಗೆ ಹಿಂದೆಮುಂದೆ ನೋಡುವುದು ವಿಚಿತ್ರ.

ಒಳ್ಳೆಯ ದಲ್ಲಾಳಿಗೂ ಇದರಿಂದ ನಷ್ಟವಿಲ್ಲ. ಕಾಗದ ಓದಬಲ್ಲವನ ಹತ್ತಿರ ಎರಡನೆಯ ಸಲವೂ ಗಿರಾಕಿ ಬರುತ್ತಾನೆ. ಬಾಯಿಮಾತಿನವನಿಗೆ ಒಂದೇ ಸಲದ ವ್ಯಾಪಾರ.

ಹೋಗುವುದೋ, ಉಳಿಯುವುದೋ?

ಠಾಣೆಯ ಭಾವ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಅಲ್ಲಿ ಸಂಬಳ, ಕಮಿಷನ್ ಎರಡೂ ಉಂಟು. ಇಲ್ಲಿ ರಿಕ್ಷಾದ ಸಾಲದ ಕಂತು ಉಂಟು, ಮಗಳ ಶಾಲೆ ಉಂಟು. ಪಾಸಾದರೆ ಹೋಗುವುದೇ ಎಂದು ಹೆಂಡತಿ ಹೇಳುತ್ತಾಳೆ. ಆತ ಇನ್ನೂ ಹೌದು ಎಂದಿಲ್ಲ. ಹಿಂದಿನ ಪುಟಗಳ ಪಾಠ ಠಾಣೆಯಲ್ಲಿ ಯಾರಿಗೂ ಬೇಡ, ಬೇಕಾದದ್ದು ಇಲ್ಲಿಯವರಿಗೆ. ಇಲ್ಲಿ ಅದಕ್ಕೆ ಸರ್ಟಿಫಿಕೇಟ್ ಕೊಡುವವರಿಲ್ಲ.

ಕಳೆದ ವಾರ ಬುಟ್ಟಿ ಇಳಿಸುವಾಗ ಮೀನಿನ ಹೆಂಗಸು ಸೀಟಿನ ಮೇಲಿದ್ದ ಪುಸ್ತಕ ನೋಡಿದಳು. ಪರೀಕ್ಷೆಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ನೀ ಪಾಸಾರೆ ನನ್ ಎರ್ಡ್ ಸೆಂಟ್ಸ್ ಬತ್ತಾ ಮಗಾ?"

ಆತನಿಗೆ ಮಾತು ಹೊರಡಲಿಲ್ಲ. ಹೆಂಗಸೇ ನಕ್ಕು, ಸೆರಗಿನ ಗಂಟಿನಿಂದ ರಿಕ್ಷಾದ ಹಣ ತೆಗೆದು ಕೊಟ್ಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, ತಂಗಿಯ ಮಗಳು ಸಾಸ್ತಾನದ ಬದಿ ಜಾಗ ನೋಡುತ್ತಿದ್ದಾಳೆ, ಕಾಗದ ಒಮ್ಮೆ ನೀನೇ ಓದಿ ಹೇಳು ಎಂದಳು.

ಮರುದಿನ ಸಂಜೆ ಚಾ ಅಂಗಡಿಯ ಬೆಂಚಿನ ಮೇಲೆ ಆ ಕಾಗದ ಬಿಡಿಸಿತ್ತು. ನೋಟ್ ಬುಕ್ ಪಕ್ಕದಲ್ಲೇ, ಹಿಂದಿನಿಂದ ತೆರೆದುಕೊಂಡಿತ್ತು. ಅಂಗಡಿಯವರು ಈ ಸಲ ನಗಲಿಲ್ಲ. ಲೈಟು ಹಾಕಿ ಕೊಟ್ಟರು.